ಧೂಳು ನಮ್ಮದು, ದೋಷ ಯಾರದು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬೈಕ್ ಎಂಜಿನ್ನಿನ ಗೋಳೇ. ಬೀದರ್, ಕಲಬುರಗಿ, ಯಾದಗಿರಿ, ಮೂರೂ ಕಡೆಯವರು ಬರೆದಿದ್ದೀರಿ. ಕೆಲವರು ಶೋರೂಂ ಹೆಸರು, ಕಂಪನಿ ಹೆಸರು ದೊಡ್ಡ ಅಕ್ಷರದಲ್ಲಿ ಬರೆದು ಅಡಿಗೆರೆ ಎಳೆದು ಕಳಿಸಿದ್ದೀರಿ. ಸಿಟ್ಟು ಅರ್ಥವಾಗುತ್ತೆ, ಆದರೆ ಆ ಹೆಸರುಗಳನ್ನು ತೆಗೆದಿದ್ದೇನೆ, ಬೇಜಾರಾಗಬೇಡಿ. ಒಬ್ಬರದೇ ಮಾತು ಕೇಳಿ ತೀರ್ಪು ಕೊಡೋಕೆ ಇದು ಕೋರ್ಟ್ ಅಲ್ಲ.

ಪ್ರಶ್ನೆ: ಸರ್, 150 ಸಿಸಿ ಬೈಕ್ ತಗೊಂಡು 14 ತಿಂಗಳಾಯ್ತು. 11,000 ಕಿಲೋಮೀಟರ್ ಓಡಿದೆ. ಆರು ತಿಂಗಳಿಂದ ಎಂಜಿನ್ ಆಯಿಲ್ ಕುಡೀತಿದೆ. ಆಯಿಲ್ ಹಾಕಿಸಿ ಸಾವಿರ ಕಿಲೋಮೀಟರ್ ಆಗೋದ್ರೊಳಗೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಒಣಗಿರುತ್ತೆ. ಎಂಜಿನ್ ಹೆಡ್ (ಮೇಲಿನ ಭಾಗ) ಕಡೆಯಿಂದ ಕಟಕಟ ಸದ್ದು ಬೇರೆ. ಐದು ಸಲ ಶೋರೂಂಗೆ ಹೋದೆ. ಐದು ಸಲವೂ ಒಂದೇ ಮಾತು: "ನಿಮ್ಮ ಕಡೆ ಧೂಳು ಜಾಸ್ತಿ, ಬಿಸಿಲು ಜಾಸ್ತಿ, ನಾವೇನು ಮಾಡೋಕಾಗುತ್ತೆ?" ನಾನು ದಿನಾ ಸುರಪುರದಿಂದ ಹುಣಸಗಿಗೆ ಹೋಗಿ ಬರುವವನು. ಧೂಳಿಲ್ಲದ ರಸ್ತೆ ಎಲ್ಲಿಂದ ತರಲಿ?
— ಸುರಪುರದ ಓದುಗರು

ಉತ್ತರ: ಬಿಸಿಲಿನ ಮಾತು ಮೊದಲು ಮುಗಿಸೋಣ. ನಮ್ಮ ಕಡೆ ಮೇ ತಿಂಗಳಲ್ಲಿ 43, 44 ಡಿಗ್ರಿ ಹೊಸದೇನಲ್ಲ, ಗಾಡಿ ಮಾರುವವರಿಗೂ ಗೊತ್ತು. ಯಾದಗಿರಿ ಬಿಸಿಲು ತಡೆಯದ ಎಂಜಿನ್ ಆದ್ರೆ ಯಾದಗಿರಿ ಜಿಲ್ಲೆಯಲ್ಲಿ ಯಾಕೆ ಮಾರಿದಿರಿ ಅಂತ ಕೇಳಿ. ಅದಕ್ಕೆ ಉತ್ತರ ಬರಲ್ಲ, ಟೀ ಬರುತ್ತೆ.

ಧೂಳಿನ ಮಾತು ಮಾತ್ರ ಪೂರ್ತಿ ಸುಳ್ಳಲ್ಲ. ಏರ್ ಫಿಲ್ಟರ್ ಹರಿದಿದ್ರೆ, ಇಲ್ಲ ಸರ್ವಿಸ್‌ನಲ್ಲಿ ತೆಗೆದು ತೊಳೆದು ಸರಿಯಾಗಿ ಕೂರಿಸದೆ ಇದ್ರೆ, ಸಣ್ಣ ಧೂಳು ಗಾಳಿಯ ಜೊತೆ ಎಂಜಿನ್ ಒಳಗೆ ಹೋಗುತ್ತೆ. ಅದು ಆಯಿಲ್ ಜೊತೆ ಸೇರಿದ್ರೆ ಸಾಣೆ ಹಿಡಿದ ಹಾಗೆ. ಪಿಸ್ಟನ್ ರಿಂಗ್ ಸವೆಯುತ್ತೆ, ಸಿಲಿಂಡರ್ ಗೋಡೆಗೆ ಗೀರು ಬೀಳುತ್ತೆ, ಆಮೇಲೆ ಆಯಿಲ್ ಮೇಲೇರಿ ಪೆಟ್ರೋಲ್ ಜೊತೆ ಉರಿಯುತ್ತೆ. ಆದರೆ ಹಾಗೆ ಹೋದ ಧೂಳು ಹೆಜ್ಜೆ ಗುರುತು ಬಿಟ್ಟೇ ಹೋಗಿರುತ್ತೆ. ಫಿಲ್ಟರ್ ಆಚೆಗೆ, ಎಂಜಿನ್ ಕಡೆ ಹೋಗುವ ರಬ್ಬರ್ ಪೈಪಿನ ಒಳಗೆ, ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ನೋಡಿ. ಮಣ್ಣು ಹತ್ತಿದರೆ ಶೋರೂಮಿನವರ ಮಾತಲ್ಲಿ ನಿಜ ಇದೆ. (ಆಗಲೂ ಫಿಲ್ಟರ್ ಕೊನೇ ಸಲ ಕೂರಿಸಿದ್ದು ಯಾರು ಅನ್ನೋ ಪ್ರಶ್ನೆ ಉಳಿಯುತ್ತೆ, ಅಲ್ವಾ?) ಪೈಪ್ ಸ್ವಚ್ಛ ಇದ್ರೆ ಧೂಳಿನ ಕತೆ ಅಲ್ಲಿಗೇ ಮುಗೀತು. ಅವರ ಮುಂದೆಯೇ ಬಿಚ್ಚಿಸಿ, ಫೋಟೋ ತೆಗೆಯಿರಿ.

ಹೊಗೆಯನ್ನೂ ಗಮನಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬಂದು ಸ್ವಲ್ಪ ಹೊತ್ತಿಗೆ ನಿಂತರೆ ಹೆಚ್ಚಾಗಿ ಅದು ವಾಲ್ವ್ ಸೀಲ್, ಅಂದ್ರೆ ವಾಲ್ವ್ ಹತ್ತಿರ ಆಯಿಲ್ ತಡೆಯುವ ರಬ್ಬರ್, ಸವೆದದ್ದು. ಅದು ಸಣ್ಣ ಕೆಲಸ. ಆಕ್ಸಿಲೇಟರ್ ತಿರುವಿದಾಗಲೆಲ್ಲ ಹೊಗೆ ಬಂದರೆ ರಿಂಗ್ ಮೇಲೆ ಅನುಮಾನ ಪಡಬೇಕು. ಹೊಗೆಯೇ ಇಲ್ಲ ಅಂದ್ರೆ ಸೋರಿಕೆ ಇದೆಯಾ ಅಂತ ಗಾಡಿ ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿ ಬಿಡಿ.

ಇನ್ನು ಅಳತೆ. "ಆಯಿಲ್ ಕುಡೀತಿದೆ" ಅನ್ನೋ ಮಾತನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಮೇಲಿನ ಗೆರೆವರೆಗೆ ಆಯಿಲ್ ತುಂಬಿಸಿ, ಮೀಟರ್ ಫೋಟೋ ತೆಗೆಯಿರಿ. 500 ಕಿಲೋಮೀಟರ್ ಆದ ಮೇಲೆ ಸಮ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಸ್ವಲ್ಪ ಓಡಿಸಿ, ಆಫ್ ಮಾಡಿ, ಎರಡು ಮೂರು ನಿಮಿಷ ಬಿಟ್ಟು ನೋಡಿ. ಮತ್ತೆ ಮೇಲಿನ ಗೆರೆಗೆ ತರಲು ಎಷ್ಟು ಎಂಎಲ್ ಹಾಕಬೇಕಾಯ್ತು ಅಂತ ಬರೆದಿಡಿ. ಇದನ್ನೇ ಎರಡು ಸಲ ಮಾಡಿ. ನಿಮ್ಮಂಥ ಗಾಡಿಗೆ ಹಿಡಿಸೋದೇ ಒಂದು ಲೀಟರ್ ಆಸುಪಾಸು. ಅದರಲ್ಲಿ ಸಾವಿರ ಕಿಲೋಮೀಟರಿಗೆ 300 ಎಂಎಲ್ ಹೋದರೆ ಅದನ್ನು "ನಾರ್ಮಲ್ ಸರ್" ಅನ್ನುವವರಿಗೆ ಅದೇ ಮಾತನ್ನು ಬರೆದು ಸಹಿ ಮಾಡಿ ಕೊಡಿ ಅಂತ ಕೇಳಿ. ಅಷ್ಟರ ತನಕ ಆಯಿಲ್ ಕಡಿಮೆ ಆಗಲು ಬಿಡಬೇಡಿ. ಎಂಜಿನ್ ಸೀಜ್ ಆಯ್ತು ಅಂದ್ರೆ ಆಯಿಲ್ ಹಾಕದೆ ಓಡಿಸಿದ್ದು ನಿಮ್ಮ ತಪ್ಪು ಅಂತಾರೆ, ಗಾಡಿ ಓಡುತ್ತಿರುವಾಗ ಸೀಜ್ ಆದ್ರೆ ಹಿಂದಿನ ಚಕ್ರ ಕಟ್ಟಿಕೊಂಡು ಬೀಳೋದು ಬೇರೆ.

ಎಲ್ಲಕ್ಕಿಂತ ಮುಖ್ಯ ಜಾಬ್ ಕಾರ್ಡ್, ಅಂದ್ರೆ ಗಾಡಿ ಬಿಟ್ಟಾಗ ನಿಮ್ಮ ದೂರು ಬರೆದುಕೊಳ್ಳುವ ಚೀಟಿ. ಐದು ಸಲ ಹೋದಿರಿ, ಸರಿ, ಐದರಲ್ಲೂ ಏನು ಬರೆದಿದೆ ಅಂತ ಈಗಲೇ ತೆಗೆದು ನೋಡಿ. ನನ್ನದೇ ಒಂದು ಹಳೇ ಗಾಡಿ ಇತ್ತು, ಟೈಮಿಂಗ್ ಚೈನ್ ಸದ್ದು. ಏಳು ಸಲ ಬಿಟ್ಟು ಬಂದೆ, ಸೂಪರ್‌ವೈಸರ್ ಹುಡುಗ ಒಳ್ಳೆಯವನು, ನಗುನಗುತ್ತಾ ಮಾತಾಡಿಸುತ್ತಿದ್ದ, ನಾನೂ ಅವನು ತೋರಿಸಿದ ಕಡೆ ಸಹಿ ಹಾಕಿ ಬರುತ್ತಿದ್ದೆ. ವಾರಂಟಿ ಮುಗಿದ ಮೇಲೆ ಎಲ್ಲ ಕಾರ್ಡ್ ಹರವಿ ನೋಡಿದರೆ ಏಳರಲ್ಲೂ "ಜನರಲ್ ಚೆಕಪ್". "ಸದ್ದಿನ ಕಂಪ್ಲೇಂಟೇ ಹಿಂದೆ ಬಂದಿಲ್ವಲ್ಲ ಸರ್" ಅಂದ, ಅದೇ ಹುಡುಗ, ಅದೇ ನಗು. ಅವತ್ತಿನಿಂದ ನಾನು ಹೇಳಿದ ಮಾತು ಹಾಗೇ ಇಳಿಯದೆ ಸಹಿ ಹಾಕಲ್ಲ. ನೀವೂ ಆರನೇ ಸಲ ಹೋದಾಗ "500 ಕಿಲೋಮೀಟರಿಗೆ ಇಷ್ಟು ಎಂಎಲ್ ಆಯಿಲ್ ಕಡಿಮೆ, ಹೆಡ್‌ನಲ್ಲಿ ಸದ್ದು, ಇದೇ ದೂರಿಗೆ ಆರನೇ ಭೇಟಿ" ಅಂತ ಬರೆಸಿ. ಹಿಂದಿನ ಐದು ತಾರೀಕು ಹಾಕಿ ಕಂಪನಿಗೂ ಒಂದು ಮೇಲ್ ಬಿಡಿ.

ಪ್ರಶ್ನೆ: ನಾನು ಸೆಕೆಂಡ್ ಹ್ಯಾಂಡ್ ಬುಲೆಟ್ ತಗೊಂಡಿದ್ದೇನೆ, 2021ರ ಮಾಡೆಲ್, ಉದಗೀರಿನಲ್ಲಿ. ಮಹಾರಾಷ್ಟ್ರ ನಂಬರ್. ಈ ಮಾಡೆಲ್ಲಿನ ಎಲ್ಲ ಗಾಡಿ ಕಂಪನಿ ವಾಪಸ್ ತಗೊಂಡು ದುಡ್ಡು ಕೊಡ್ತಿದೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ನಿಜಾನಾ? ನನಗೂ ಸಿಗುತ್ತಾ?
— ಭಾಲ್ಕಿಯ ಓದುಗರು

ಉತ್ತರ: ದುಡ್ಡಿನ ಆಸೆ ಬಿಡಿ. ಆದರೆ ಗಾಡಿ ತೋರಿಸೋದು ಬಿಡಬೇಡಿ. ಆ ಮೆಸೇಜಿನ ಬುಡದಲ್ಲಿ ಒಂದು ನಿಜ ಇದೆ.

2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ಬುಲೆಟ್ 350, ಕ್ಲಾಸಿಕ್ 350, ಮೀಟಿಯರ್ 350, ಈ ಮೂರರಲ್ಲಿ ಒಟ್ಟು 2,36,966 ಗಾಡಿಗಳಿಗೆ ರೀಕಾಲ್ ಘೋಷಿಸಿತ್ತು, ಭಾರತವೂ ಸೇರಿ ಏಳು ದೇಶಗಳಲ್ಲಿ. ಕಾರಣ ಇಗ್ನಿಷನ್ ಕಾಯಿಲ್, ಅಂದ್ರೆ ಎಂಜಿನ್ನಿಗೆ ಕಿಡಿ ಕೊಡುವ ಭಾಗ. ಅದು ಕೆಟ್ಟರೆ ಎಂಜಿನ್ ಮಿಸ್ ಹೊಡೆಯುತ್ತೆ, ಎಳೆತ ಕಡಿಮೆಯಾಗುತ್ತೆ, ಅಪರೂಪಕ್ಕೆ ಶಾರ್ಟ್ ಸರ್ಕ್ಯೂಟ್ ಕೂಡ ಆಗಬಹುದು ಅಂತ ಕಂಪನಿಯೇ ಹೇಳಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಕ್ಲಾಸಿಕ್ 350ರ ಸುಮಾರು 26,300 ಗಾಡಿಗಳಿಗೆ ಹಿಂದಿನ ಬ್ರೇಕಿನ ಒಂದು ಬ್ರಾಕೆಟ್‌ಗಾಗಿ ಇನ್ನೊಂದು ರೀಕಾಲ್ ಬಂತು. ಒಂದೇ ಕಂಪನಿಯ ಕತೆ ಅಂದ್ಕೋಬೇಡಿ. 2024ರ ಫೆಬ್ರವರಿಯಲ್ಲಿ ಯಮಹಾ ಕೂಡ ಬ್ರೇಕ್ ಲಿವರಿನ ವಿಷಯಕ್ಕೆ ಸುಮಾರು 3 ಲಕ್ಷ 125 ಸಿಸಿ ಸ್ಕೂಟರ್ ಕರೆಸಿತು.

ರೀಕಾಲ್ ಅಂದ್ರೆ ಗಾಡಿ ಕಿತ್ಕೊಂಡು ದುಡ್ಡು ಕೊಡೋದು ಅಂತ ನಮ್ಮಲ್ಲಿ ಎಷ್ಟೋ ಜನ ತಿಳ್ಕೊಂಡಿದ್ದಾರೆ. ಸಾಮಾನ್ಯವಾಗಿ ನಡೆಯೋದು ಇಷ್ಟೇ: ಕರೆಸುತ್ತಾರೆ, ಪರೀಕ್ಷಿಸುತ್ತಾರೆ, ಕೆಟ್ಟ ಭಾಗ ಇದ್ರೆ ಪುಕ್ಕಟೆ ಬದಲಾಯಿಸಿ ಕಳಿಸುತ್ತಾರೆ. ಮಾಡೆಲ್ಲಿನ ಎಲ್ಲ ಗಾಡಿಗೂ ಅನ್ವಯಿಸಲ್ಲ, ಆ ಕೆಟ್ಟ ಭಾಗ ಹಾಕಿದ ತಿಂಗಳುಗಳಲ್ಲಿ ತಯಾರಾದವಕ್ಕೆ ಮಾತ್ರ. ಕಾಯಿಲ್ ವಿಷಯದಲ್ಲಿ ಬುಲೆಟ್‌ಗೆ ಅದು 2021ರ ಜನವರಿಯಿಂದ ಏಪ್ರಿಲ್. ನಿಮ್ಮ ಆರ್‌ಸಿಯಲ್ಲಿ ತಯಾರಾದ ತಿಂಗಳು ಇರುತ್ತೆ, ನೋಡಿ. ಹೊಂದಿದರೆ ಚಾಸಿಸ್ ನಂಬರ್ ಹಿಡಿದು ಹತ್ತಿರದ ಯಾವುದೇ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ. ಆ ಕೆಲಸ ಈ ಗಾಡಿಗೆ ಮುಂಚೆಯೇ ಆಗಿದೆಯಾ ಅಂತ ಅವರ ಕಂಪ್ಯೂಟರ್ ಹೇಳುತ್ತೆ. ಮಹಾರಾಷ್ಟ್ರ ನಂಬರ್ ಆದ್ರೂ, ನೀವು ಎರಡನೇ ಮಾಲೀಕರಾದ್ರೂ ಅಡ್ಡಿಯಿಲ್ಲ. ದೋಷ ಗಾಡಿಯದು, ಮಾಲೀಕನದಲ್ಲ.

ಒಂದು ಕಿವಿಮಾತು. ಕಂಪನಿಯ ಫೋನು, ಪತ್ರ ಎಲ್ಲ ಹೋಗೋದು ಮೊದಲ ಮಾಲೀಕನ ವಿಳಾಸಕ್ಕೆ. ಉದಗೀರಿನ ಆ ಪುಣ್ಯಾತ್ಮ ಅದನ್ನು ಓದಿ ನಿಮಗೆ ಹೇಳುತ್ತಾನೆ ಅಂತ ಕಾಯಬೇಡಿ. ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿ, ಸರ್ವಿಸ್ ಸೆಂಟರಿನಲ್ಲಿ ನಿಮ್ಮ ಮೊಬೈಲ್ ನಂಬರ್ ಬರೆಸಿ.

ಪ್ರಶ್ನೆ: ನಾನು ಕಮಲಾಪುರದ ಶಾಲೆಯಲ್ಲಿ ಶಿಕ್ಷಕಿ. ಕಲಬುರಗಿಯಿಂದ ದಿನಾ ಬೈಕಿನಲ್ಲೇ ಹೋಗಿ ಬರುತ್ತೇನೆ, ಎಷ್ಟೋ ಸಲ ಹಿಂದೆ ಮಗಳೂ ಇರುತ್ತಾಳೆ. ಗಾಡಿಗೆ ಎರಡು ವರ್ಷ. ಓಡುತ್ತಾ ಓಡುತ್ತಾ ಎಂಜಿನ್ ಒಮ್ಮೆಲೇ ಬಂದ್ ಆಗುತ್ತೆ, ಹೆಚ್ಚಾಗಿ ಮಧ್ಯಾಹ್ನ ಮನೆಗೆ ಬರುವಾಗ. ಹೋದ ವಾರ ಹಿಂದೆಯೇ ಲಾರಿ ಇತ್ತು. ಶೋರೂಮಿನವರು ಕಂಪ್ಯೂಟರ್ ಹಾಕಿ ನೋಡಿ "ಏನೂ ಇಲ್ಲ ಮೇಡಂ" ಅಂತಾರೆ. ಒಬ್ಬ ಮೆಕ್ಯಾನಿಕ್ ಅಂತೂ "ಕ್ಲಚ್ ಬಿಡೋದು ನಿಮಗೆ ಬರಲ್ಲ" ಅಂದ.
— ಕಲಬುರಗಿಯ ಓದುಗರು

ಉತ್ತರ: ಅಕ್ಕಾವ್ರೇ, ಮೊದಲು ಒಂದು ಕಟುವಾದ ಮಾತು. ಇದು ಸರಿಯಾಗುವ ತನಕ ಮಗಳನ್ನು ಆ ಗಾಡಿಯಲ್ಲಿ ಕೂರಿಸಬೇಡಿ. ಹುಮನಾಬಾದ್ ರಸ್ತೆಯಲ್ಲಿ ಬಸ್ಸಿಗೆ ಕಾದರೂ ಪರವಾಗಿಲ್ಲ.

ಕ್ಲಚ್ ಮಾತಾಡಿದವನಿಗೆ, ಟಾಪ್ ಗೇರಿನಲ್ಲಿ 60ರಲ್ಲಿ ಹೋಗುವಾಗ ಕ್ಲಚ್ ಬಿಟ್ಟರೆಷ್ಟು, ಹಿಡಿದರೆಷ್ಟು ಅಂತ ಕೇಳಿ. ಸಿಗ್ನಲ್ಲಿನಲ್ಲಿ ಬಂದ್ ಆದರೆ ಒಪ್ಪೋಣ, ಹೈವೇಯಲ್ಲಿ ಅಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಸುಳಿವು "ಮಧ್ಯಾಹ್ನ" ಅನ್ನೋದು. ಕಾದಾಗ ಕೈಕೊಟ್ಟು ತಣ್ಣಗಾದಾಗ ಸುಮ್ನಿರುವ ರೋಗ ಇದು ಅನ್ನಿಸುತ್ತೆ. ಬೆಳಿಗ್ಗೆ ಹತ್ತಕ್ಕೆ ಗಾಡಿ ಬಿಟ್ಟರೆ ಶೋರೂಮಿನಲ್ಲಿ ಅದು ಹಸುವಿನಂತೆ ನಿಂತಿರುತ್ತೆ. ಮುಂದಿನ ಸಲ ಬಂದ್ ಆದಾಗ ಪಕ್ಕಕ್ಕೆ ತಂದು ನಿಲ್ಲಿಸಿ, ಕೀ ತಿರುವಬೇಡಿ, ಮೀಟರ್ ನೋಡಿ. ಮೀಟರ್, ಲೈಟ್ ಎಲ್ಲ ಆರಿದ್ದರೆ ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್, ಕೀ ಸ್ವಿಚ್ ಕಡೆ ಹುಡುಕಬೇಕು. ಮೀಟರ್ ಉರೀತಿದ್ದು ಎಂಜಿನ್ ಮಾತ್ರ ಸತ್ತಿದ್ದರೆ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಬರುತ್ತಿಲ್ಲ: ಕಾಯಿಲ್, ಪೆಟ್ರೋಲ್ ಪಂಪ್, ಅದರ ರಿಲೇ, ಸೈಡ್ ಸ್ಟ್ಯಾಂಡ್ ಸ್ವಿಚ್. ಹತ್ತು ನಿಮಿಷ ಬಿಟ್ಟ ಮೇಲೆ ತಾನೇ ಸ್ಟಾರ್ಟ್ ಆದರೆ ಕಾಯಿಲ್ ಅಥವಾ ಪಂಪ್ ಮೇಲೆ ನನ್ನ ಅನುಮಾನ ಜಾಸ್ತಿ. ಎಲ್ಲ ವಿಡಿಯೋ ಮಾಡಿ, ಎಂಜಿನ್ ಲ್ಯಾಂಪ್ ಉರಿದಿದ್ರೆ ಅದೂ ಬರಲಿ. ಆಮೇಲೆ ಮಧ್ಯಾಹ್ನ ಒಂದು ಗಂಟೆಗೆ ಹೋಗಿ, ಅವರ ಮೆಕ್ಯಾನಿಕ್ಕೇ ಬಿಸಿಲಲ್ಲಿ ಮೂವತ್ತು ಕಿಲೋಮೀಟರ್ ಓಡಿಸಿ ನೋಡಲಿ ಅಂತ ಪಟ್ಟು ಹಿಡಿಯಿರಿ.

ಇದು ನಿಮ್ಮೊಬ್ಬರ ಗಾಡಿಯ ದೋಷವೇ, ಆ ಮಾಡೆಲ್ಲಿನದೇ? ಅದಕ್ಕೆ ಇನ್ನೊಂದು ಬಾಗಿಲಿದೆ, ಬಹಳ ಜನಕ್ಕೆ ಗೊತ್ತಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಅನ್ನೋ ಕಲಂ ಸೇರಿತು, ಅದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಏಳು ವರ್ಷದೊಳಗಿನ ಗಾಡಿಯಲ್ಲಿ ಜನರ ಸುರಕ್ಷತೆಗೆ ಕುತ್ತು ತರುವ ದೋಷ ಇದ್ರೆ ಮಾಲೀಕರು ಸರ್ಕಾರದ ವಾಹನ್ ಪೋರ್ಟಲಿನಲ್ಲೇ ದೂರು ಕೊಡಬಹುದು. ಮಾರಾಟವಾದ ಗಾಡಿಗಳ ಸಂಖ್ಯೆಗೆ ತಕ್ಕಂತೆ ಇಂತಿಷ್ಟು ದೂರು ಬಂದರೆ ಸರ್ಕಾರ ಪರೀಕ್ಷೆ ಮಾಡಿಸಿ ರೀಕಾಲ್‌ಗೆ ಆದೇಶ ಕೊಡಬಹುದು, ಕಂಪನಿಗೆ 1 ಕೋಟಿ ರೂಪಾಯಿವರೆಗೂ ದಂಡ ಬೀಳಬಹುದು. ಅದಕ್ಕೇ ಸಂಖ್ಯೆ ಮುಖ್ಯ. ನೂರು ಜನ ಚಹಾ ಅಂಗಡಿಯಲ್ಲಿ ಬೈದರೆ ಆ ಲೆಕ್ಕಕ್ಕೆ ಒಂದೂ ಸೇರಲ್ಲ. ನಿಮ್ಮದು ಓಡುವಾಗ ನಿಲ್ಲುವ ದೋಷ, ಸುರಕ್ಷತೆಯದೇ. ಇವತ್ತೇ ಹಾಕಿ. ನಿಮ್ಮ ಶಾಲೆಯಲ್ಲಿ ಅದೇ ಮಾಡೆಲ್ ಇಟ್ಟುಕೊಂಡವರಿದ್ದರೆ ಅವರನ್ನೂ ವಿಚಾರಿಸಿ.

ಪ್ರಶ್ನೆ: ಅಣ್ಣಾ, ಕನ್ಸ್ಯೂಮರ್ ಕೋರ್ಟಿಗೆ ಹೋದ್ರೆ ಹೊಸ ಗಾಡಿ ಕೊಡಿಸ್ತಾರಾ? ವಕೀಲರ ಫೀಸಿಗೆ ದುಡ್ಡಿಲ್ಲ. ಗಾಡಿ ತಗೊಂಡಿದ್ದು ಹೈದರಾಬಾದಿನಲ್ಲಿ.
— ಔರಾದ್‌ನ ಓದುಗರು

ಉತ್ತರ: ತಮ್ಮಾ, ಹೈದರಾಬಾದಿಗೆ ಅಲೆಯೋದು ಬೇಡ. 2019ರ ಗ್ರಾಹಕ ಕಾಯ್ದೆ ಬಂದ ಮೇಲೆ ನೀನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದ್ರೆ ಬೀದರಿನಲ್ಲಿ. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. ಗ್ರಾಹಕ ದೂರುಗಳ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ತೊಂದರೆ ಶುರುವಾದ ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೂ ಮುಂಚೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡು, ಕನ್ನಡದಲ್ಲೂ ಮಾತಾಡುತ್ತಾರೆ, ಎಷ್ಟೋ ಸಲ ಕೋರ್ಟಿನ ತನಕ ಹೋಗೋ ಕೆಲಸವೇ ಬರಲ್ಲ.

ಹೊಸ ಗಾಡಿ ಸಿಗೋದು ಕಷ್ಟ. 2006ರಲ್ಲಿ ಒಂದು ಕಾರಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್, ವಾರಂಟಿ ಅಂದ್ರೆ ಕೆಟ್ಟ ಭಾಗ ಬದಲಾಯಿಸಿ ಕೊಡೋದು, ಇಡೀ ಗಾಡಿಯನ್ನಲ್ಲ ಅಂದಿತ್ತು. ತಯಾರಿಕೆಯಲ್ಲೇ ದೋಷ ಇದೆ ಅಂತ ತೋರಿಸುವ ಹೊಣೆ ದೂರು ಕೊಟ್ಟವನದು, ಅದಕ್ಕೆ ತಜ್ಞರ ವರದಿ ಬೇಕಾಗುತ್ತೆ. ಹಾಗಾಗಿ ಎಂಜಿನ್ ರಿಪೇರಿ, ಓಡಾಟದ ಖರ್ಚು, ಪರಿಹಾರ, ಇಷ್ಟನ್ನು ಗಟ್ಟಿಯಾಗಿ ಕೇಳು. ಮತ್ತೆ, ಕೇಸು ಹಾಕುವ ಮುಂಚೆ ಎಂಜಿನ್ನನ್ನು ಊರಿನ ಗ್ಯಾರೇಜಿನಲ್ಲಿ ಬಿಚ್ಚಿಸಬೇಡ. ಒಂದು ಸಲ ಹೊರಗೆ ಬಿಚ್ಚಿದ ಎಂಜಿನ್ ಯಾವ ಸಾಕ್ಷಿಯನ್ನೂ ಹೇಳಲ್ಲ.

ಪ್ರಶ್ನೆ: ಸೈಲೆನ್ಸರ್ ಬದಲಾಯಿಸಿದ್ದಕ್ಕೆ ಎಂಜಿನ್ ವಾರಂಟಿ ಕೊಡಲ್ಲ ಅಂತಾರೆ. ಸೈಲೆನ್ಸರಿಗೂ ಎಂಜಿನ್ನಿಗೂ ಏನು ಸಂಬಂಧ?
— ಸೇಡಂನ ಓದುಗರು

ಉತ್ತರ: ಸಂಬಂಧ ಇದೆ. ಹೊಗೆ ಹೋಗುವ ದಾರಿ ಬದಲಾದ್ರೆ ಗಾಳಿ-ಪೆಟ್ರೋಲಿನ ಹದ ಕೆಡುತ್ತೆ, ಎಂಜಿನ್ ಜಾಸ್ತಿ ಕಾಯಬಹುದು. ಗೇರ್ ಬಾಕ್ಸ್ ಬೇರಿಂಗ್ ಹೋಗಿದ್ರೆ ಮಾತ್ರ ಅದಕ್ಕೆ ಸೈಲೆನ್ಸರ್ ಕಾರಣ ಅನ್ನೋದು ಕುಂಟು ನೆಪ. ಆಗ, ಯಾವ ಭಾಗ ಯಾಕೆ ಹೋಯ್ತು ಅಂತ ಬರೆದು ಕೊಡಿ ಅಂತ ಕೇಳಿ. ಯಾವ ಭಾಗ ಹೋಗಿದೆ ಅಂತ ನೀವು ಬರೆದೇ ಇಲ್ಲ. ಹಳೇ ಸೈಲೆನ್ಸರ್ ಗುಜರಿಗೆ ಹಾಕಿಲ್ಲ ಅಂದ್ಕೊಂಡಿದ್ದೇನೆ. ಅದನ್ನು ವಾಪಸ್ ಹಾಕಿಸಿ. ಪಕ್ಕದ ಮನೆಯವರೂ ನಿದ್ದೆ ಮಾಡಲಿ.