ಸಿಆರ್‌ಪಿ ಥೀಸಿಸ್‌ಗೆ 50 ಆರೋಗ್ಯವಂತ ಮಕ್ಕಳು ಸಾಕಾ?

ಸಿಆರ್‌ಪಿ ಅಂದರೆ ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್; ಅದರಿಂದ ಮಕ್ಕಳ ಟಿಬಿ ಪತ್ತೆ ಆಗುತ್ತದಾ ಅಂತ ಥೀಸಿಸ್ ಮಾಡಲು ನಿಮ್ಮ ಯೋಜನೆ ಕಳಿಸಿ ಕೇಳಿದ್ದೀರಿ. 50 ಟಿಬಿ ಮಕ್ಕಳು, 50 ಆರೋಗ್ಯವಂತ ಮಕ್ಕಳು, ಎಲ್ಲರಿಗೂ ಸಿಆರ್‌ಪಿ, ಕೊನೆಗೆ ಪರೀಕ್ಷೆ ಕಾಯಿಲೆ ಇರುವವರನ್ನೂ ಇಲ್ಲದವರನ್ನೂ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಅಂತ ತೋರಿಸುವ ಒಂದು ಆರ್‌ಒಸಿ ಕರ್ವ್. ನನ್ನ ಹಳೇ ಸಿನಾಪ್ಸಿಸ್ (ಥೀಸಿಸ್ ಯೋಜನೆ) ನಿಮ್ಮ ಕೈಗೆ ಸಿಕ್ಕಿಬಿಟ್ಟಿದೆಯಾ ಅನಿಸಿತು. ನನ್ನದು 40 ಮತ್ತು 40, ಅಷ್ಟೇ ವ್ಯತ್ಯಾಸ.

ಸಿಬಿನ್ಯಾಟ್ (ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಅಥವಾ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಪಾಸಿಟಿವ್ ಬಂದ ಮಕ್ಕಳನ್ನು ಒಂದು ಕಡೆ ಸೇರಿಸಿದೆ. ಇನ್ನೊಂದು ಕಡೆಗೆ ಹರ್ನಿಯಾ ಆಪರೇಷನ್‌ಗೆ ಬಂದ ಮಕ್ಕಳು. ಅವರಿಗೆ ಹೇಗೂ ರಕ್ತ ತೆಗೆಯುತ್ತಾರಲ್ಲ, ಜೊತೆಗೊಂದು ಸಿಆರ್‌ಪಿ. ಕರ್ವ್ ಎಷ್ಟು ಚೆನ್ನಾಗಿ ಬಂತು ಅಂದರೆ ಗೈಡ್ ಮೇಡಂ ಕಾನ್ಫರೆನ್ಸ್‌ಗೆ ಪೋಸ್ಟರ್ ಮಾಡು ಅಂದರು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ ಮಾತು. "ಹರ್ನಿಯಾಗೆ ಬಂದ ಮಗು ನೋಡಿ ಟಿಬಿ ಇರಬಹುದು ಅಂತ ನಿನಗೆ ಯಾವತ್ತಾದರೂ ಅನುಮಾನ ಬಂದಿತ್ತೇನಮ್ಮ?"

ಬಂದಿರಲಿಲ್ಲ. ತಪ್ಪು ಅಲ್ಲೇ ಇತ್ತು. ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಉತ್ತರ ಮೊದಲೇ ಗೊತ್ತಿದ್ದ ಮಕ್ಕಳನ್ನೇ ನಾನು ಆರಿಸಿದ್ದೆ. ನಮಗೆ ಪರೀಕ್ಷೆ ಬೇಕಾಗುವುದು ಎರಡು ವಾರದಿಂದ ಕೆಮ್ಮು, ಜ್ವರ ಇದ್ದು ತೂಕ ಇಳಿದ ಮಗುವಿಗೆ. ಅದರಲ್ಲಿ ಟಿಬಿ ಇರಬಹುದು, ನ್ಯುಮೋನಿಯಾ ಇರಬಹುದು, ಶ್ವಾಸನಾಳದಲ್ಲಿ ಕಡಲೆಬೀಜ ಸಿಕ್ಕಿಕೊಂಡು ಸೋಂಕಾಗಿರಬಹುದು. ನ್ಯುಮೋನಿಯಾದಲ್ಲೂ ಸಿಆರ್‌ಪಿ ಏರುತ್ತದೆ. ಹರ್ನಿಯಾ ಮಗುವಿನಲ್ಲಿ ಯಾಕೆ ಏರಬೇಕು? ಅಕ್ಕಿಯಲ್ಲಿ ಕಲ್ಲು ಆರಿಸುವವರ ಕಣ್ಣು ಪರೀಕ್ಷಿಸಲು ನಾನು ಅಕ್ಕಿಗೆ ಬದನೆಕಾಯಿ ಬೆರೆಸಿಟ್ಟಿದ್ದೆ! ಟಿಬಿ ಕಡೆಯೂ ಅದೇ ಕಥೆ. ಚಿಕ್ಕ ಮಕ್ಕಳು ಕಫ ಉಗುಳುವುದಿಲ್ಲ, ನುಂಗುತ್ತಾರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆಯ ನೀರು ತೆಗೆದರೂ ಅದರಲ್ಲಿ ಬ್ಯಾಕ್ಟೀರಿಯಾ ಕಡಿಮೆ. ಹಾಗಾಗಿ ಪಾಸಿಟಿವ್ ಬರುವವರಲ್ಲಿ ಕಾಯಿಲೆ ಬಲಿತವರೇ ಜಾಸ್ತಿ. ನಿಜವಾಗಿ ತಲೆ ಕೆಡಿಸುವ ಮಕ್ಕಳು ನನ್ನ ಎರಡೂ ಪಟ್ಟಿಯಲ್ಲಿ ಇರಲೇ ಇಲ್ಲ.

ವೈವಾ ಮುಗಿದ ಮೇಲೆ ಹಟಕ್ಕೆ ವಾರ್ಡಿನ 12 ನ್ಯುಮೋನಿಯಾ ಕೇಸ್ ಶೀಟ್ ತೆಗೆದು ನೋಡಿದೆ. 11 ಮಕ್ಕಳ ಸಿಆರ್‌ಪಿ ನಾನು ಟಿಬಿ ಅನ್ನಲು ಇಟ್ಟಿದ್ದ ಕಟ್‌ಆಫ್‌ಗಿಂತ ಮೇಲಿತ್ತು. ಪೋಸ್ಟರ್ ಈಗಲೂ ಅಮ್ಮನ ಮನೆಯ ಅಟ್ಟದಲ್ಲಿದೆ.

ಅದಕ್ಕೇ 50 ಸಾಕಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 500 ಆದರೂ ಅಷ್ಟೇ. ಹೋಲಿಕೆಗೆ ಆರೋಗ್ಯವಂತ ಮಕ್ಕಳ ಕಂಟ್ರೋಲ್ ಗುಂಪೇ ಬೇಡ. ಟಿಬಿ ಅನುಮಾನ ಬಂದ ಪ್ರತಿ ಮಗುವನ್ನೂ ಬಂದ ಸಾಲಿನಲ್ಲೇ ಸೇರಿಸಿ. ಎಲ್ಲರಿಗೂ ಒಂದೇ ರೀತಿ ಎಕ್ಸ್‌ರೇ, ಸಿಬಿನ್ಯಾಟ್, ಕಲ್ಚರ್. ಲಿಕ್ವಿಡ್ ಕಲ್ಚರ್‌ಗೆ ಆರು ವಾರ ಕಾಯಲು ತಯಾರಿರಿ. ಆಮೇಲೆ 2015ರ ತಜ್ಞರ ಒಮ್ಮತದ ವರ್ಗೀಕರಣ ಇದೆಯಲ್ಲ, ಅದರಂತೆ ಮೂರು ಗುಂಪು ಮಾಡಿ: ದೃಢಪಟ್ಟ ಟಿಬಿ, ದೃಢಪಡದ ಟಿಬಿ, ಟಿಬಿ ಇರುವ ಸಾಧ್ಯತೆ ಕಡಿಮೆ. ನಡುವಿನ ಗುಂಪು ದೊಡ್ಡದಾಗಿಯೇ ಬರುತ್ತದೆ. ಕಿರಿಕಿರಿ ಅಂತ ಅದನ್ನು ಬಿಡಬೇಡಿ, ಬಿಟ್ಟರೆ ಮತ್ತೆ ಬದನೆಕಾಯಿ. ಎರಡು ತಿಂಗಳ ಫಾಲೋಅಪ್ ಇಲ್ಲದೆ ಗುಂಪು ಹಂಚಲು ಹೋಗಬೇಡಿ. ಹಂಚುವವರಿಗೆ ಸಿಆರ್‌ಪಿ ಕಾಣಿಸಲೂ ಬಾರದು. ಕಂಡರೆ ಅದನ್ನು ನೋಡಿಯೇ ಟಿಬಿ ಅಂತಾರೆ, ಆಮೇಲೆ ಸಿಆರ್‌ಪಿ ಸರಿ ಹೇಳಿತು ಅಂತ ನೀವು ಬರೆಯುತ್ತೀರಿ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸಿಆರ್‌ಪಿ ಒಪ್ಪಿದೆ ಅಂದಿರಲ್ಲ, ಅದು ಎಚ್‌ಐವಿ ಇರುವ ದೊಡ್ಡವರು ಮತ್ತು ಹದಿಹರೆಯದವರ ಸ್ಕ್ರೀನಿಂಗ್‌ಗೆ. ನಿಮ್ಮ ನಾಲ್ಕು ವರ್ಷದ ಮಗುವಿಗಲ್ಲ.

ಹೀಗೆ ಮಾಡಿದರೆ ಕರ್ವ್ ಸೊಟ್ಟಗೆ ಬರಬಹುದು. ಬರಲಿ, ಹಾಗೇ ಬರೆಯಿರಿ. ಸಿನಾಪ್ಸಿಸ್ ಕಳಿಸಿಲ್ಲ ಅಂದರೆ ಇವತ್ತೇ ಗೈಡ್ ಹತ್ತಿರ ಹೋಗಿ. ಕಳಿಸಿದ್ದರೆ ಎಥಿಕ್ಸ್ ಕಮಿಟಿಗೆ ತಿದ್ದುಪಡಿ ಅರ್ಜಿ ಹಾಕಿ. ಬೈಸಿಕೊಳ್ಳುತ್ತೀರಿ, ಪರವಾಗಿಲ್ಲ. ವೈವಾದಲ್ಲಿ ನಾನು ಬೈಸಿಕೊಂಡಷ್ಟು ಇರುವುದಿಲ್ಲ.