ಸಿದ್ಧಲಿಂಗಯ್ಯನವರನ್ನು ಲೆಕ್ಕ ಕೇಳುವ ಮೊದಲು

ಪ್ರಿಯರೇ,

ದಲಿತ ಕವಿ ಸಿದ್ಧಲಿಂಗಯ್ಯನವರ ಮೇಲೆ ನೀವು ಬರೆದ 'ಕವಿಯ ದ್ರೋಹ' ಲೇಖನ ತಲುಪಿತು. ಭಾಷೆಗೆ ಓಟವಿದೆ, ಕಾಗುಣಿತ ಶುದ್ಧವಾಗಿದೆ. ಈ ಸಂಚಿಕೆಗೆ ಹಾಕಿಕೊಳ್ಳುತ್ತಿಲ್ಲ. ಅಷ್ಟನ್ನೇ ಬರೆದು ಕಳಿಸಬಹುದಿತ್ತು. ಆದರೆ ಎರಡನೇ ಪುಟ ಓದಿ ಸಿಟ್ಟು ಬಂತು, ಹಾಗಾಗಿ ಪತ್ರ ಉದ್ದವಾಯಿತು.

ಮಾಗಡಿ ಸೀಮೆಯ ಕೇರಿಯಲ್ಲಿ ಹುಟ್ಟಿ, 1975ರಲ್ಲಿ 'ಹೊಲೆಮಾದಿಗರ ಹಾಡು' ಕವನ ಸಂಕಲನ ಕೊಟ್ಟ ಸಿದ್ಧಲಿಂಗಯ್ಯ 1988ರಲ್ಲಿ ವಿಧಾನ ಪರಿಷತ್ತಿಗೆ ಹೋದದ್ದೇ ತಪ್ಪು ಎನ್ನುತ್ತೀರಿ. ನಿಮ್ಮದೇ ಸಾಲು: "ಹಸಿವು ಕಂಡವನು ಅಧಿಕಾರದ ಪಕ್ಕ ಕೂರಬಾರದು."

ಈ ಕಾನೂನು ಯಾರಿಗೆಲ್ಲ ಸ್ವಾಮಿ? ಡಿ.ವಿ.ಜಿ. ಹೊಟ್ಟೆಪಾಡಿಗೆ ಸೋಡಾ ಕಾರ್ಖಾನೆಯಲ್ಲಿ ದುಡಿದವರು. ಮುಂದೆ ಮೈಸೂರು ಸಂಸ್ಥಾನದ ವಿಧಾನ ಪರಿಷತ್ತಿನಲ್ಲಿ ಕೂತರು. ಸೋಡಾ ಕಾರ್ಖಾನೆಗೆ ನಿಷ್ಠರಾಗಿ ಉಳಿದರೇ ಎಂದು ಅವರನ್ನು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಮಾಸ್ತಿ ಮಹಾರಾಜರ ಸರ್ಕಾರದ ಅಧಿಕಾರಿಯಾಗಿದ್ದದ್ದನ್ನು ನಾವು ಲೋಕಾನುಭವ ಎಂದು ಹೊಗಳುತ್ತೇವೆ. ಕೇರಿಯಿಂದ ಬಂದವರ ವಿಷಯಕ್ಕೆ ಬಂದಾಗ ಮಾತ್ರ ಅವರು ಪಟ್ಟ ಕಷ್ಟವನ್ನೇ ಸಾಲಪತ್ರ ಮಾಡಿಕೊಂಡು ಬಡ್ಡಿ ವಸೂಲಿಗೆ ಹೊರಡುತ್ತೀರಿ. ಸಾಲ ಕೊಟ್ಟವರು ನೀವಲ್ಲವಲ್ಲ!

ಮುಂದಿನ ಸಾಲು: "ಕುರ್ಚಿ ಸಿಕ್ಕಿದ್ದೇ ಲೇಖನಿ ಒಣಗಿತು." ಯಾವಾಗ ಒಣಗಿತು? ಅವರ ಆತ್ಮಕತೆ 'ಊರುಕೇರಿ' ಬಂದಾಗ ಅವರು ಮೇಲ್ಮನೆಯಲ್ಲೇ ಇದ್ದರು. ಅದರಲ್ಲೊಂದು ಪುಟವಿದೆ. ಇಬ್ಬರ ಹೆಗಲಿಗೆ ನೊಗ ಹೂಡಿ ಎತ್ತುಗಳ ಹಾಗೆ ಉಳುತ್ತಿರುವುದನ್ನು ಹುಡುಗ ಮೋಜಿನಿಂದ ನೋಡುತ್ತಾನೆ. ಆ ಇಬ್ಬರಲ್ಲಿ ಒಬ್ಬರು ತನ್ನ ಅಪ್ಪ ಎಂದು ಆಮೇಲೆ ತಿಳಿಯುತ್ತದೆ. ಆ ಪುಟದಲ್ಲಿ ಒಂದು ಹನಿ ಕಣ್ಣೀರಿಲ್ಲ, ಒಂದು ಘೋಷಣೆಯಿಲ್ಲ. ನಿಮ್ಮ ಲೇಖನದಲ್ಲಿ 'ಬೆಂಕಿ' ಮೂರು ಪ್ಯಾರಾದಲ್ಲೂ ಇದೆ, ಅವರು ಬರೆದದ್ದು ಒಂದು ಕಡೆಯೂ ಇಲ್ಲ.

ಅದರ ಕೆಳಗೇ "ಜನ ಅವರನ್ನು ಕ್ಷಮಿಸಲಿಲ್ಲ" ಎಂದಿದ್ದೀರಿ. ಯಾವ ಜನ?

ನಾನು ಕೆಲಸ ಕಲಿತದ್ದು ಜಿಲ್ಲಾ ಕೇಂದ್ರದ ಒಂದು ಸಣ್ಣ ವಾರಪತ್ರಿಕೆಯಲ್ಲಿ, ಅಚ್ಚಿನ ಮೊಳೆ ಜೋಡಿಸುವ ಕಾಲ ಮುಗಿಯುತ್ತಿದ್ದಾಗ. ನಮ್ಮ ಸಂಪಾದಕರು ಕರಡಿನಲ್ಲಿ 'ಜನ' ಕಂಡರೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಹೆಸರೇನು?' ಎಂದು ಗೀಚುತ್ತಿದ್ದರು. ಆಗ ರೇಗುತ್ತಿತ್ತು, ಈಗ ನಾನೂ ಅದನ್ನೇ ಮಾಡುತ್ತೇನೆ. ಸಿದ್ಧಲಿಂಗಯ್ಯನವರನ್ನು ಪರಿಷತ್ತಿಗೆ ನಾಮಕರಣ ಮಾಡಿದ ಸುದ್ದಿ ಬಂದ ದಿನ ಡೆಸ್ಕಿನಲ್ಲಿದ್ದ ನಾವು ಓದಿಕೊಂಡವರೆಲ್ಲ ಮುಖ ಗಂಟು ಹಾಕಿಕೊಂಡಿದ್ದೆವು. ನಮ್ಮ ಹಿರಿಯ ಕಂಪೋಸಿಟರು ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆ ಬಡಿದು ಅದೇ ಕವಿಯ ಹಾಡು ಹಾಡಿದವರು. ಮೊಳೆ ಆರಿಸುತ್ತಲೇ ಹೇಳಿದರು: "ನಮ್ಮೋರೊಬ್ರು ಒಳಕ್ಕೋದ್ರೆ ನಿಮಗ್ಯಾಕ್ ಸಾ ಸಂಕ್ಟ? ಹೋಗಿ ಏನ್ ಮಾಡ್ತಾರೆ ನೋಡಾನ ತಡೀರಿ." ಅದೇ ಪ್ರೆಸ್ಸಿನಲ್ಲಿ ಟ್ರೆಡಲ್ ಮೆಷಿನ್ನು ನಡೆಸುತ್ತಿದ್ದ ಅವರ ತಮ್ಮ ಮಾತ್ರ ಅಂದಿನಿಂದ ಆ ಹಾಡು ಹಾಡುವುದನ್ನೇ ಬಿಟ್ಟ. ನಿಮ್ಮ 'ಜನ'ದಲ್ಲಿ ಇವರಲ್ಲಿ ಯಾರಿದ್ದಾರೆ?

ಕೊನೆಗೆ ಸಿದ್ಧಲಿಂಗಯ್ಯನವರಿಗೆ ಹೊಡೆಯಲು ಕತೆಗಾರ ದೇವನೂರ ಮಹಾದೇವರನ್ನು ಕರೆತಂದಿದ್ದೀರಿ. 2010ರಲ್ಲಿ ನೃಪತುಂಗ ಪ್ರಶಸ್ತಿ ಬೇಡವೆಂದವರು, 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಪದ್ಮಶ್ರೀ ಎರಡನ್ನೂ ಹಿಂದಿರುಗಿಸಿದವರು. ನನ್ನ ಮನಸ್ಸೂ ಆ ಕಡೆಗೇ, ಮುಚ್ಚಿಡುವುದೇನಿಲ್ಲ. ಸಿದ್ಧಲಿಂಗಯ್ಯ ಕೊನೆಕೊನೆಗೆ ಹತ್ತಿದ ಕೆಲವು ವೇದಿಕೆಗಳು ನನಗೂ ಹಿಡಿಸಲಿಲ್ಲ. ಆದರೆ ಇಬ್ಬರೂ ಒಂದೇ ಚಳವಳಿಯಿಂದ ಬಂದವರು, ಒಂದೇ ಅವಮಾನ ಉಂಡವರು, ಹಿಡಿದ ದಾರಿ ಮಾತ್ರ ಬೇರೆ ಬೇರೆ. ಪಟ್ಟ ಪಾಡೇ ರಾಜಕೀಯವನ್ನು ನಿರ್ಧರಿಸುವುದಾದರೆ ಹೀಗಾಗುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದ್ದರೆ ನಿಮ್ಮ ಲೇಖನ ಶುರುವಾಗುತ್ತಿತ್ತು. ನೀವು ಅಲ್ಲಿಗೇ ಮುಗಿಸಿದ್ದೀರಿ.

ಪರಿಷತ್ತಿನ ನಡವಳಿಗಳು ಅಚ್ಚಾಗಿವೆ. ಅವರು ಸದಸ್ಯರಾಗಿದ್ದ ವರ್ಷಗಳ ಸಂಪುಟ ತೆರೆದು ಎದ್ದು ನಿಂತು ಏನು ಕೇಳಿದರು, ಯಾವುದಕ್ಕೆ ಸುಮ್ಮನಿದ್ದರು ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಬೈಯುವುದಿದ್ದರೆ ಧಾರಾಳವಾಗಿ ಬೈಯಿರಿ, ನಾನೇ ಅಚ್ಚು ಹಾಕುತ್ತೇನೆ. ಶೀರ್ಷಿಕೆಯ 'ದ್ರೋಹ' ಸದ್ಯಕ್ಕೆ ತೆಗೆದಿದ್ದೇನೆ. ಮತ್ತೆ ಕಳಿಸುವಾಗ ಯೂನಿಕೋಡಿನಲ್ಲಿ ಕಳಿಸಿ, ಪಿಡಿಎಫ್ ಬೇಡ.