ಅಣ್ಣ ಯಾಕೆ "ದುಡ್ಡಿನ ಮನುಷ್ಯ" ಆಗಿ ಕಾಣುತ್ತಾರೆ?

ನೀವು ಕೇಳಿದ್ದು ಇಷ್ಟು: ಸಕಲೇಶಪುರದ ಹತ್ತಿರ ನಿಮ್ಮದೊಂದು ಸಣ್ಣ ಕಾಫಿ ತೋಟ. ನೋಡಿಕೊಳ್ಳುವುದು ಅಣ್ಣ, ನೀವಿರುವುದು ಬೆಂಗಳೂರಲ್ಲಿ. ಮಾರೋಣ ಅನ್ನುತ್ತಾರೆ ಅವರು. ನಿಮಗೆ ಅದು ಅಪ್ಪನಿಗೆ ಬಗೆಯುವ ದ್ರೋಹ. ಒಂದೇ ಮನೆಯಲ್ಲಿ ಬೆಳೆದವರಿಗೆ ಒಂದೇ ತೋಟ ಹೀಗೆ ಬೇರೆ ಬೇರೆಯಾಗಿ ಕಾಣುವುದು ಯಾಕೆ?

ನಾನು ಹಾಸನದಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಇಂಥ ಪ್ರಶ್ನೆ ಬಂದಾಗೆಲ್ಲ ನನಗೆ ನೆನಪಾಗುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಕೆಲ್ಲಿ. 1905ರಲ್ಲಿ ಕಾನ್ಸಾಸ್‌ನಲ್ಲಿ ಹುಟ್ಟಿದವರು. 1930ರ ದಶಕದಲ್ಲಿ, ಬರ ಬಿದ್ದು ಅಲ್ಲಿನ ರೈತರು ಕಂಗಾಲಾಗಿದ್ದಾಗ, ಊರೂರು ತಿರುಗಿ ಶಾಲೆ ಮಕ್ಕಳ ತೊಂದರೆ ನೋಡುತ್ತಿದ್ದರು. ಕಷ್ಟ ಹೇಳಿಕೊಂಡು ಬಂದವರಿಗೆ ಫ್ರಾಯ್ಡ್ ರೀತಿಯ, ಅಂದರೆ ಎಲ್ಲದಕ್ಕೂ ಮನಸ್ಸಿನ ಆಳದಲ್ಲಿ ಕಾರಣ ಹುಡುಕುವ ವಿವರಣೆ ಕೊಟ್ಟರೆ ಸಮಾಧಾನ ಆಗುತ್ತಿತ್ತು. ಸುಮ್ನೆ ತಾವೇ ಹುಟ್ಟಿಸಿದ ವಿವರಣೆ ಕೊಟ್ಟರೂ ಆಗುತ್ತಿತ್ತಂತೆ! ಅದು ಅವರ ಕಷ್ಟಕ್ಕೆ ಹೊಂದಬೇಕು, ಮುಂದಿನದನ್ನು ಬೇರೆ ಥರ ನೋಡಲು ದಾರಿ ಕೊಡಬೇಕು, ಅಷ್ಟೇ.

ಅವರು 1955ರಲ್ಲಿ ಎರಡು ಸಂಪುಟಗಳಲ್ಲಿ ಮಂಡಿಸಿದ್ದು ಪರ್ಸನಲ್ ಕನ್‌ಸ್ಟ್ರಕ್ಟ್ ಸಿದ್ಧಾಂತ. ಜನರನ್ನು, ನಡೆದದ್ದನ್ನು ಅಳೆಯಲು ಪ್ರತಿಯೊಬ್ಬರ ಬಳಿಯೂ ಅವರದೇ ಅಳತೆಕೋಲುಗಳಿರುತ್ತವೆ, ಕನ್‌ಸ್ಟ್ರಕ್ಟ್ ಅಂದರೆ ಅವೇ. ಪ್ರತಿ ಕೋಲಿಗೂ ಎರಡು ತುದಿ. ಒಂದು ತುದಿ ಮಾತಲ್ಲಿ ಬರುತ್ತದೆ, ಇನ್ನೊಂದು ಎಷ್ಟೋ ಸಲ ಬಾಯಿಗೇ ಬರುವುದಿಲ್ಲ. ಜಗಳ ಹುಟ್ಟುವುದು ಜಾಸ್ತಿ ಅಲ್ಲೇ.

ಬಾಯಿಗೆ ಬಾರದ ಆ ತುದಿಯನ್ನು ಹೊರಗೆ ತೆಗೆಯಲು ಕೆಲ್ಲಿ ಒಂದು ಉಪಾಯ ಮಾಡಿದ್ದರು. ನಿಮಗೆ ಗೊತ್ತಿರುವವರ ಹೆಸರು ಚೀಟಿಗಳಲ್ಲಿ ಬರೆಯಿರಿ. ಮೂರು ಚೀಟಿ ಎತ್ತಿ. ಯಾವ ಇಬ್ಬರು ಒಂದೇ ಥರ, ಮೂರನೆಯವರು ಹೇಗೆ ಬೇರೆ ಅಂತ ಹೇಳಿ. ನಾನು ಕ್ಲಾಸಲ್ಲಿ ಇದನ್ನು ಮಾಡಿಸುತ್ತೇನೆ. ಆಲೂರು ಕಡೆಯ ಹುಡುಗಿಯೊಬ್ಬಳಿಗೆ ಅಜ್ಜಿ, ತೋಟದ ರೈಟರ್ (ಆಳುಗಳ ಮೇಲ್ವಿಚಾರಕ), ಚಿಕ್ಕಪ್ಪ ಬಂದರು. "ಅಜ್ಜಿ, ರೈಟರ್ ಇಬ್ಬರೂ ಕೈ ಬಿಡೋರಲ್ಲ ಸಾರ್. ಚಿಕ್ಕಪ್ಪ ಲೆಕ್ಕ ನೋಡೋರು" ಅಂದಳು. ಪಕ್ಕದಲ್ಲಿದ್ದ ಅರಸೀಕೆರೆ ಹುಡುಗ ಒಪ್ಪಲಿಲ್ಲ. ಅವನ ಪ್ರಕಾರ ಲೆಕ್ಕ ನೋಡದವರು ಅಂದರೆ ಸಾಲ ಮಾಡಿ ಮನೆಯವರನ್ನು ಬೀದಿಗೆ ತರುವವರು. ಅವರಪ್ಪ ಕೊಬ್ಬರಿ ವ್ಯಾಪಾರಕ್ಕೆ ಸಾಲ ಎತ್ತಿ ಪಟ್ಟ ಪಾಡು ಅವನು ಕಣ್ಣಾರೆ ಕಂಡಿದ್ದ. ಅವಳಿಗೆ ಲೆಕ್ಕ ನೋಡುವುದು ಬೈಗುಳ, ಇವನಿಗೆ ಅದೇ ಹೊಗಳಿಕೆ.

ಈಗ ನಿಮ್ಮ ವಿಷಯ. ಅಣ್ಣನನ್ನು ನೀವು "ದುಡ್ಡಿನ ಮನುಷ್ಯ" ಅಂತ ಬರೆದಿದ್ದೀರಿ. ನಿಮ್ಮ ಕೋಲಿನ ಇನ್ನೊಂದು ತುದಿಯಲ್ಲಿ ಬಹುಶಃ "ಅಪ್ಪನನ್ನು ಮರೆಯದವನು" ಇದ್ದಾನೆ. ಅಣ್ಣನದು ಆ ಕೋಲೇ ಅಲ್ಲದಿರಬಹುದು. ಆಳು ಸಿಗದೆ, ಆನೆ ಬಂದು ತುಳಿದದ್ದನ್ನು ಬೆಳಗ್ಗೆ ಎದ್ದು ನೋಡುವವರಿಗೆ ಮಾರುವುದರ ಎದುರು ನಿಲ್ಲುವುದು "ಇಲ್ಲೇ ಸವೆದು ಹೋಗುವುದು" ಇರಬಹುದು. ಇದು ನನ್ನ ಊಹೆ, ಕೇಳಬೇಕಾದವರು ನೀವು. "ಯಾಕೆ ಮಾರ್ತೀಯ?" ಅನ್ನಬೇಡಿ, ಅದು ಆಪಾದನೆ ಥರ ಕೇಳುತ್ತದೆ. "ಮಾರದಿದ್ರೆ ಏನಾಗುತ್ತೆ ಅಂತ ನಿನಗನಿಸುತ್ತೆ ಅಣ್ಣ?" ಅಂತ ಕೇಳಿ, ಪೂರ್ತಿ ಹೇಳಲು ಬಿಡಿ.

ಕೆಲ್ಲಿ ದುಃಖ, ಸಿಟ್ಟುಗಳನ್ನೂ ತೀರಾ ಬುದ್ಧಿಯ ಲೆಕ್ಕಕ್ಕೆ ಇಳಿಸಿಬಿಟ್ಟರು ಅನ್ನುವ ಟೀಕೆ ಇದೆ. ನನಗೂ ಅದು ಸರಿ ಅನಿಸುತ್ತದೆ. ಹಾಗಾಗಿ ಅಣ್ಣನ ಉತ್ತರ ಕೇಳಿದ ಮೇಲೂ ನಿಮಗೆ ನೋವಾಗಬಹುದು.

ಇನ್ನೊಂದು ಮಾತು, ಕಾಫಿ ಕೊಯ್ಲು ಮುಗಿಯುವವರೆಗೆ ತಡೆಯಿರಿ. ಡಿಸೆಂಬರ್‌ನಲ್ಲಿ ಆಳಿಗಾಗಿ ಫೋನ್ ಮೇಲೆ ಫೋನ್ ಮಾಡುತ್ತಿರುವವರನ್ನು ಈ ಪ್ರಶ್ನೆ ಕೇಳಿದರೆ ಬೈಸಿಕೊಳ್ಳುವುದು ಗ್ಯಾರಂಟಿ.